ಒಂದೇ ಬೈಬಲ್, ಬೇರೆ ಬೇರೆ ಪಂಕ್ತಿ



ಕ್ರಿಸ್ತರ ಪರಮಪವಿತ್ರ ಶರೀರ ಮತ್ತು ರಕ್ತದ ಮಹೋತ್ಸವವನ್ನು 1264ರಲ್ಲಿ ಜಗದ್ಗುರು ನಾಲ್ಕನೆಯ ಅರ್ಬನ್‌ರವರು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಇದು ಐಕ್ಯತೆಯ ಹಬ್ಬ. ಆದರೂ ನಮ್ಮ ಮದುವೆಗೆ, ಮರಣದ ಬಲಿಪೂಜೆಗೆ ಬರುವ ಸಿ.ಎಸ್.ಐ. ಸಭೆಯ ಬಂಧುಗಳು ಪರಮಪ್ರಸಾದದ ವೇಳೆ ಬೆಂಚಿನಲ್ಲೇ ಕುಳಿತಿರುತ್ತಾರೆ. ಅವರ ಪ್ರಭುಭೋಜನಕ್ಕೆ ಹೋದಾಗ ನಾವೂ ಕುಳಿತೇ ಇರುತ್ತೇವೆ. ಒಂದೇ ಬೈಬಲ್ ಓದುವವರು ಒಂದೇ ಪಂಕ್ತಿಯಲ್ಲಿ ಏಕೆ ಉಣ್ಣಬಾರದು ಎಂದು ನಮ್ಮ ಮಕ್ಕಳು ಕೇಳಿದರೆ ಏನು ಹೇಳೋಣ?

ಮೊದಲ ವಿವಾದ ಜೀವೋದ್ಧಾರದ್ದು. ಮನುಷ್ಯನು ದೇವರೊಡನೆ ಸತ್ಸಂಬಂಧ ಪಡೆಯುವುದು ವಿಶ್ವಾಸದಿಂದ, ಧರ್ಮಶಾಸ್ತ್ರದ ಕಾರ್ಯಗಳಿಂದಲ್ಲ ಎಂದು ಸಂತ ಪೌಲರು ರೋಮನರಿಗೆ ಬರೆದರು (3:28). ಕೇವಲ ವಿಶ್ವಾಸ ಸಾಲದು, ಕಾರ್ಯಗಳೂ ಬೇಕು ಎಂದು ಸಂತ ಯಕೋಬರು ಬರೆದರು (2:24). ಮಾರ್ಟಿನ್ ಲೂಥರರು 1522ರ ತಮ್ಮ ಜರ್ಮನ್ ಅನುವಾದದಲ್ಲಿ ಪೌಲರ ಮಾತಿಗೆ 'ಮಾತ್ರ' ಎಂಬ ಪದವನ್ನು ಸೇರಿಸಿದರು. ಟ್ರೆಂಟ್ ಮಹಾಸಭೆ 1547ರಲ್ಲಿ ಇದಕ್ಕೆ ಉತ್ತರ ನೀಡಿತು: ಆರಂಭ ದೇವರ ವರಪ್ರಸಾದದಿಂದಲೇ, ಆದರೆ ಆ ವರಪ್ರಸಾದಕ್ಕೆ ಮನುಷ್ಯನು ಓಗೊಡಬೇಕು.

ಎರಡನೆಯ ವಿವಾದ ಪರಮಪ್ರಸಾದದ್ದು. ಇಲ್ಲಿ ಸುಧಾರಕರಲ್ಲೇ ಒಮ್ಮತವಿರಲಿಲ್ಲ. 1529ರ ಅಕ್ಟೋಬರ್‌ನಲ್ಲಿ ಜರ್ಮನಿಯ ಮಾರ್ಬುರ್ಗ್ ಕೋಟೆಯಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಎದುರುಬದುರಾದರು. ರೊಟ್ಟಿಯನ್ನು ತಮ್ಮ ಶರೀರವೆಂದು ಕರೆದ ಪ್ರಭುವಿನ ಮಾತನ್ನು ಲೂಥರರು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದು, ಅದರಿಂದ ಕದಲಲಿಲ್ಲ. ಮಾಂಸದಿಂದ ಪ್ರಯೋಜನವಿಲ್ಲ ಎಂಬ ಯೊವಾನ್ನರ ಶುಭಸಂದೇಶದ ವಾಕ್ಯವನ್ನು (6:63) ಹಿಡಿದು, ಆ ರೊಟ್ಟಿ ಶರೀರದ ಸಂಕೇತವೆಂದು ಜ್ವಿಂಗ್ಲಿ ವಾದಿಸಿದರು. 15 ಅಂಶಗಳಲ್ಲಿ 14ಕ್ಕೆ ಒಪ್ಪಿದವರು ಕೊನೆಯದೊಂದರಲ್ಲಿ ಬೇರೆಯಾದರು.

ಧರ್ಮಸಭೆಯ ಬೋಧನೆ ಸ್ಪಷ್ಟ. ರೊಟ್ಟಿ ದ್ರಾಕ್ಷಾರಸಗಳ ತೋರಿಕೆ ಉಳಿದರೂ ಅವುಗಳ ಸಾರವೆಲ್ಲ ಕ್ರಿಸ್ತರ ಶರೀರ ರಕ್ತಗಳಾಗಿ ಮಾರ್ಪಡುತ್ತದೆ ಎಂದು ಟ್ರೆಂಟ್ ಮಹಾಸಭೆ 1551ರಲ್ಲಿ ಸಾರಿತು. ಪ್ರಭುವಿನ ಮಾತು ಕಠಿಣವೆಂದು ಶಿಷ್ಯರು ಹಲವರು ಹೊರಟುಹೋದಾಗ (ಯೊವಾನ್ನ 6:66) ಪ್ರಭು ಅದನ್ನು ಬರಿಯ ಉಪಮೆಯೆಂದು ಹೇಳಿ ಅವರನ್ನು ಉಳಿಸಿಕೊಳ್ಳಲಿಲ್ಲ ಎಂಬುದನ್ನು ನಾವು ಮರೆಯಲಾರೆವು.

ಜರ್ಮನಿಯ ಆ ವಾದ ನಮಗೆ ದೂರದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅದೇ ಸುಧಾರಣೆಯ ಪರಂಪರೆಯದು. ಆದರೆ ಕಥೆ ಅಲ್ಲಿಗೇ ನಿಂತಿಲ್ಲ. 1999ರ ಅಕ್ಟೋಬರ್ 31ರಂದು ಆಗ್ಸ್‌ಬುರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಅರ್ಹತೆಯಿಂದಲ್ಲ, ಕ್ರಿಸ್ತರಲ್ಲಿಟ್ಟ ವಿಶ್ವಾಸದ ಮೂಲಕ ವರಪ್ರಸಾದದಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾರೆ, ಸತ್ಕಾರ್ಯಗಳು ಅದರ ಫಲ ಎಂದು ಇಬ್ಬರೂ ಒಪ್ಪಿದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಇದಕ್ಕೆ ದನಿಗೂಡಿಸಿದವು. ಮೊದಲ ವಿವಾದ ಬಹುಮಟ್ಟಿಗೆ ಕರಗಿತು. ಪಂಕ್ತಿ ಮಾತ್ರ ಇನ್ನೂ ಒಂದಾಗಿಲ್ಲ. ಮರಣಾಪಾಯದಂಥ ವಿಶೇಷ ಸಂದರ್ಭಗಳಿಗಷ್ಟೇ ಧರ್ಮಸಭೆಯ ಕಾನೂನು, ಷರತ್ತುಗಳೊಡನೆ, ಅವಕಾಶವಿತ್ತಿದೆ.

ಹಾಗಾದರೆ ನಾವೇನು ಮಾಡೋಣ? ವ್ಯತ್ಯಾಸವೇ ಇಲ್ಲವೆಂದು ನಟಿಸುವುದು ಬೇಡ. ಅದು ಸತ್ಯಕ್ಕೆ ಮಾಡುವ ಅಪಚಾರ. ಅವರನ್ನು ಹಳಿಯುವುದೂ ಬೇಡ. ಅದು ಪ್ರೀತಿಗೆ ಮಾಡುವ ಅಪಚಾರ. ಕೊರಿಂಥದಲ್ಲಿ ಉಳ್ಳವರು ಹೊಟ್ಟೆ ತುಂಬ ಉಂಡು ಬಡವರು ಹಸಿದಿದ್ದಾಗ, ಅದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲರು ಗದರಿದರು (1 ಕೊರಿಂಥ 11). ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟು ಒಂದೇ ಸಾಲಿನಲ್ಲಿ ಬಂದು ಪರಮಪ್ರಸಾದ ಸ್ವೀಕರಿಸುವ ನಮಗೂ ಆ ಗದರಿಕೆ ಸಲ್ಲುತ್ತದೆ.

ಇಂದು ಮೆರವಣಿಗೆಯಲ್ಲಿ ಪರಮಪ್ರಸಾದದ ಹಿಂದೆ ನಡೆಯುವಾಗ, ಬೆಂಚಿನಲ್ಲಿ ಉಳಿದ ಆ ಬಂಧುವಿನ ಹೆಸರನ್ನು ಹಿಡಿದು ಪ್ರಾರ್ಥಿಸೋಣ. ನಮ್ಮ ಬೇರೆ ಬೇರೆ ಪಂಕ್ತಿಗಳನ್ನು ಪ್ರಭು ಒಂದಾಗಿಸಲಿ. ಆಮೆನ್.