ಗುರುವೇ ಶಿಷ್ಯನ ಕಾಲು ತೊಳೆದಾಗ

ಉಮದಿಯ ಓದುಗರಿಗೆ ಕಾಲು ತೊಳೆಯುವುದು ಹೊಸ ಸಂಗತಿಯಲ್ಲ. ಬೀಗರು ಬಂದರೆ ಮೊದಲು ಕಾಲಿಗೆ ನೀರು ಕೊಡುತ್ತೇವೆ. ಸ್ವಾಮಿಗಳು ಮನೆಗೆ ಬಂದರೆ ಪರಾತದಲ್ಲಿ ಅವರ ಪಾದ ತೊಳೆದು ಆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಲಿಂಗಾಯತ ಸಂತ ನಿಂಬರಗಿ ಮಹಾರಾಜರಿಗೆ ಶಿಷ್ಯರಾದ, ಬ್ರಾಹ್ಮಣ ದೇಶಪಾಂಡೆ ಮನೆತನದ ಭಾವುಸಾಹೇಬ ಮಹಾರಾಜರ ಊರು ಇದು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಶಿಷ್ಯತ್ವ ಜಾತಿಯ ಎಷ್ಟು ಮೆಟ್ಟಿಲು ಇಳಿದು ಬಂದದ್ದೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನಮ್ಮ ಪಾದಪೂಜೆಗೆ ಒಂದೇ ದಿಕ್ಕು: ತೊಳೆಯುವವನು ಶಿಷ್ಯ, ತೊಳೆಸಿಕೊಳ್ಳುವವನು ಗುರು. ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಆ ದಿಕ್ಕನ್ನೇ ತಿರುಗಿಸಿಬಿಡುತ್ತದೆ. ಸೆರೆಸಿಕ್ಕಿದ ರಾತ್ರಿಯೇ ಯೇಸು ಊಟದ ನಡುವೆ ಎದ್ದು, ಮೇಲುಬಟ್ಟೆ ತೆಗೆದಿಟ್ಟು, ನಡುವಿಗೆ ವಸ್ತ್ರ ಸುತ್ತಿಕೊಂಡು, ಬೋಗುಣಿಗೆ ನೀರು ಹೊಯ್ದು ಶಿಷ್ಯರ ಕಾಲು ತೊಳೆಯತೊಡಗುತ್ತಾನೆ; ಅದೇ ವಸ್ತ್ರದಿಂದ ಒರೆಸುತ್ತಾನೆ. ಅಂದಿನ ಕಾಲಕ್ಕೆ ಅದು ಮನೆಯಾಳಿನ ಕೆಲಸ. ಪೇತ್ರ ಕಾಲು ಹಿಂದಕ್ಕೆಳೆದುಕೊಂಡು, ನನ್ನ ಕಾಲನ್ನು ನೀನು ಎಂದೂ ತೊಳೆಯಕೂಡದು ಎಂದು ಹಟ ಹಿಡಿಯುತ್ತಾನೆ. ಭಾವುಸಾಹೇಬರ ಇಂಚಗೇರಿ ಮಠದ ಯಾವ ಶಿಷ್ಯನೂ ಆ ಹೊತ್ತಿನಲ್ಲಿ ಹಾಗೆಯೇ ಹೇಳುತ್ತಿದ್ದ. ಪೇತ್ರನದೂ ನಮ್ರತೆಯೇ. ಆದರೆ ಗುರು ಆ ನಮ್ರತೆಯನ್ನು ಒಪ್ಪಲಿಲ್ಲ.

ಯಾಕೆ ಒಪ್ಪಲಿಲ್ಲ ಎಂಬಲ್ಲಿಯೇ ಕ್ರೈಸ್ತ ಧರ್ಮದ ಸೇವೆಯ ತಿರುಳು ಇದೆ. ಕೆಳಗಿದ್ದವನು ಇನ್ನಷ್ಟು ಬಾಗುವುದನ್ನು ಲೋಕ ಯಾವಾಗಲೂ ಮೆಚ್ಚಿಕೊಂಡಿದೆ. ಅದರಿಂದ ಯಾರ ಪೀಠವೂ ಅಲುಗಾಡುವುದಿಲ್ಲ. ಸುವಾರ್ತೆ ಕೇಳುವುದು ಮೇಲಿದ್ದವನು ಇಳಿದು ಬರುವುದನ್ನು. ಆದ್ದರಿಂದ ಕ್ರೈಸ್ತ ನಮ್ರತೆಯನ್ನು ಮನಸ್ಸಿನ ಮೆತ್ತಗಿನ ಭಾವದಿಂದ ಅಳೆಯಲು ಬರುವುದಿಲ್ಲ. ಯಾರೂ ಮುಟ್ಟದ ಕೆಲಸಕ್ಕೆ ಕೈ ಹಾಕಿದನೇ, ತನ್ನ ಕೈಯಲ್ಲಿದ್ದ ಬಲವನ್ನು ಎದುರಿಗಿದ್ದವನಿಗೆ ಬಿಟ್ಟುಕೊಟ್ಟನೇ ಎಂಬ ಎರಡು ಪ್ರಶ್ನೆಗಳಿಂದಲೇ ಅದನ್ನು ಅಳೆಯಬೇಕು. ಎರಡನೆಯದು ಮೊದಲನೆಯದಕ್ಕಿಂತ ಬಹಳ ಕಠಿಣ ಎಂಬುದು ನನ್ನ ನಂಬಿಕೆ.

ನಮ್ಮದೇ ಜಿಲ್ಲೆಯ ಮಿರಜ ಇದಕ್ಕೆ ಸಾಕ್ಷಿ. ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯರಾಗಿ 1889ರಲ್ಲಿ ಸಾಂಗಲಿಗೆ ಬಂದರು. 1894ರಲ್ಲಿ ಪಟವರ್ಧನರ ಸಂಸ್ಥಾನವಾಗಿದ್ದ ಮಿರಜದಲ್ಲಿ ಆಸ್ಪತ್ರೆ ತೆರೆದರು. ಜನ ಅದನ್ನು ಮಿಶನ್ ದವಾಖಾನೆ ಎಂದೇ ಕರೆದರು. ಅಲ್ಲಿ ಹೆಸರಾದದ್ದು ಶಸ್ತ್ರಕ್ರಿಯೆ, ಅದರಲ್ಲೂ ಮೋತಿಬಿಂದುವಿನದು. ಆ ಕಾಲದಲ್ಲಿ ಮೋತಿಬಿಂದು ತೆಗೆಸಿಕೊಂಡವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಲೆ ಅಲುಗಾಡಿಸದೆ ದಿನಗಟ್ಟಲೆ ಅಂಗಾತ ಮಲಗಿರಬೇಕಿತ್ತು. ಬಾಯಿಗೆ ಗಂಜಿ ಹಾಕುವವರು ಬೇಕು, ಮಲಮೂತ್ರದ ಪಾತ್ರೆ ಹಿಡಿಯುವವರು ಬೇಕು, ಮೈ ಒರೆಸುವವರು ಬೇಕು. ವೈದ್ಯನ ಚಾಕುವಿಗೆ ಸಿಕ್ಕ ಕೀರ್ತಿ ಈ ಕೈಗಳಿಗೆ ಸಿಗಲಿಲ್ಲ. ಮೈಲಿಗೆಯ ಲೆಕ್ಕ ಗಟ್ಟಿಯಾಗಿದ್ದ ಆ ದಿನಗಳಲ್ಲಿ, ಬೇರೆ ಜಾತಿಯವರ ಹೊಲಸು ಬಳಿಯುವುದನ್ನು ಓದಿ ಕಲಿತು ಮಾಡುವ ಗೌರವದ ಕೆಲಸವೆಂದು ಮಿಶನ್ ಆಸ್ಪತ್ರೆಗಳು ತೋರಿಸಿಕೊಟ್ಟವು. ಕಾಲು ತೊಳೆದ ಕಥೆ ಆಸ್ಪತ್ರೆಯ ವಾರ್ಡಿನಲ್ಲಿ ನಡೆದದ್ದು ಹೀಗೆ. ಮಿರಜದಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯೂ ಬೆಳೆದದ್ದು ಇದೇ ನಂಬಿಕೆಯ ಬೇರಿನಿಂದ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾದದ್ದು. ಹಣ, ವಿದ್ಯೆ, ಬಿಳಿಯ ಚರ್ಮ ಎಲ್ಲವೂ ಇದ್ದವನು ಬಡವನಿಗೆ ಉಪಕಾರ ಮಾಡಿದರೆ ಅದು ನಮ್ರತೆ ಹೇಗಾದೀತು? ಕೊಡುವವನ ಕೈ ಸದಾ ಮೇಲೆಯೇ ಇರುತ್ತದೆ. ವಾನ್ಲೆಸ್ ಅವರಿಗೆ 1928ರಲ್ಲಿ ಬ್ರಿಟಿಷ್ ಸರ್ಕಾರ ಸರ್ ಪದವಿಯನ್ನೂ ಕೊಟ್ಟಿತು. ಶರಣರು ಈ ಅಪಾಯವನ್ನು ಬಲ್ಲವರಾಗಿಯೇ ದಾನವನ್ನು ಹಿಂದಿಟ್ಟು ದಾಸೋಹವನ್ನು ಮುಂದಿಟ್ಟರು. ಶಸ್ತ್ರಕ್ರಿಯೆಗಳನ್ನಷ್ಟೇ ಎಣಿಸುತ್ತ ಕೂತರೆ ಈ ಆಕ್ಷೇಪಕ್ಕೆ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು 1897ರಲ್ಲಿ ಮಿರಜದಲ್ಲಿ ಶುರುವಾದ ವೈದ್ಯಶಾಲೆಯಲ್ಲಿ. ತನ್ನಲ್ಲಿದ್ದ ವಿದ್ಯೆಯನ್ನು ತನ್ನಲ್ಲೇ ಇಟ್ಟುಕೊಂಡಿದ್ದರೆ ವಾನ್ಲೆಸ್ ಇನ್ನೂ ದೊಡ್ಡ ದೇವರಾಗಿ ಉಳಿಯುತ್ತಿದ್ದರು. ಆದರೆ ಆಸ್ಪತ್ರೆ ತೆರೆದ ಮೂರೇ ವರ್ಷಕ್ಕೆ ಅವರು ಭಾರತೀಯ ಹುಡುಗರ ಕೈಗೆ ಚಾಕು ಕೊಟ್ಟು ಕಲಿಸತೊಡಗಿದರು. ತಾನಿಲ್ಲದೆಯೂ ನಡೆಯುವ ಸೇವೆಯನ್ನು ಕಟ್ಟುವವನು ತನ್ನ ಅಗತ್ಯವನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತಾನೆ. ಯಾವ ಪದವಿಯೂ ಆ ಕೆಲಸವನ್ನು ಅಳಿಸುವುದಿಲ್ಲ. ಮುಂದೆ 1962ರಲ್ಲಿ ಮಿರಜದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದಾಗ ವೈದ್ಯವಿದ್ಯೆ ಕಲಿಸುವುದು ಆ ಊರಿಗೆ ಹೊಸದಾಗಿರಲಿಲ್ಲ.

ಎಲ್ಲರ ಬಾಯಲ್ಲೂ ಇರುವ ಆಕ್ಷೇಪ ಇನ್ನೊಂದು: ಸೇವೆಯೆಂಬುದು ಮತಾಂತರದ ಗಾಳ. ಮಿಶನರಿಗಳು ಕ್ರಿಸ್ತನನ್ನು ಸಾರಲೆಂದೇ ಬಂದರು, ಅದನ್ನು ಮುಚ್ಚಿಡಲೂ ಇಲ್ಲ; ಅವರ ಪರವಾಗಿ ನಾವು ಮುಚ್ಚಿಡುವುದು ಸರಿಯಲ್ಲ. ಆದರೆ ಗಾಳಕ್ಕೂ ಸೇವೆಗೂ ಇರುವ ಗೆರೆಯನ್ನು ಆ ರಾತ್ರಿಯ ಕಥೆಯೇ ಎಳೆದಿದೆ. ಕಾಲು ತೊಳೆಸಿಕೊಂಡವರಲ್ಲಿ ಯೂದನೂ ಇದ್ದ. ಅವನು ಹಿಡಿದುಕೊಡುತ್ತಾನೆಂದು ಯೇಸುವಿಗೆ ಗೊತ್ತಿತ್ತು. ಗೊತ್ತಿದ್ದೂ ಬೋಗುಣಿ ಅವನನ್ನು ದಾಟಿ ಮುಂದೆ ಹೋಗಲಿಲ್ಲ. ಹಾಗಾಗಿ ಒಪ್ಪಿದವನಿಗೆ ಮಾತ್ರ ಔಷಧ ಎಂಬ ಷರತ್ತು ಎಲ್ಲಿದ್ದರೂ ಅದು ಮೊದಲು ಸುವಾರ್ತೆಗೇ ಮಾಡಿದ ದ್ರೋಹ. ಸಾಂಗಲಿ ಜಿಲ್ಲೆಯಲ್ಲಿ ಇಂದಿಗೂ ಕ್ರೈಸ್ತರು ಜನಸಂಖ್ಯೆಯ ಒಂದು ಸಣ್ಣ ಪಾಲಷ್ಟೇ. ಮಿರಜದಿಂದ ಕಣ್ಣು ಪಡೆದು ಹೋದ ಜನರ ಬಹುಪಾಲು ತಮ್ಮ ದೇವರ ಕೋಣೆಗೇ ಮರಳಿದರು. ಕೊಟ್ಟ ಕಣ್ಣನ್ನು ಯಾರೂ ಹಿಂದಕ್ಕೆ ಕೇಳಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಆಕ್ಷೇಪ. ಶತಮಾನಗಳಿಂದ ತುಳಿಸಿಕೊಂಡವರಿಗೆ ನಮ್ರತೆಯನ್ನು ಬೋಧಿಸುವುದು ಕ್ರೌರ್ಯವಲ್ಲವೇ? ಹೆಂಗಸರಿಗೆ, ದಲಿತರಿಗೆ ಸೇವೆ ಮಾಡಲು ಯಾರೂ ಹೇಳಿಕೊಡಬೇಕಾಗಿಲ್ಲ; ಅವರು ಮಾಡುತ್ತಲೇ ಬಂದಿದ್ದಾರೆ. ಇದಕ್ಕೆ ಪಂಡಿತಾ ರಮಾಬಾಯಿಯವರ ಬದುಕಿಗಿಂತ ಗಟ್ಟಿಯಾದ ಉತ್ತರ ನನಗೆ ಕಂಡಿಲ್ಲ. ಕಾರ್ಕಳದ ಹತ್ತಿರದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು ಅವರು. ಇಂಗ್ಲೆಂಡಿನಲ್ಲಿ, ದಾರಿ ತಪ್ಪಿದವರೆಂದು ಸಮಾಜ ಬಿಟ್ಟುಹಾಕಿದ ಹೆಂಗಸರನ್ನು ಕ್ರೈಸ್ತ ಸಂನ್ಯಾಸಿನಿಯರು ಆರೈಕೆ ಮಾಡುವುದನ್ನು ಕಂಡು ಮನಸ್ಸು ಕರಗಿ, 1883ರಲ್ಲಿ ದೀಕ್ಷಾಸ್ನಾನ ಪಡೆದರು. ಅದೇ ರಮಾಬಾಯಿ, ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ತಡೆದಾಗ ತಲೆಬಾಗಲಿಲ್ಲ. ತನ್ನನ್ನು ದೀಕ್ಷೆಗೆ ಕರೆತಂದ ಸಿಸ್ಟರ್ ಜೆರಾಲ್ಡಿನ್ ಅವರೊಂದಿಗೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಒಬ್ಬ ಪುರೋಹಿತನ ನೊಗ ಕಳಚಿದ್ದು ಇನ್ನೊಬ್ಬನದನ್ನು ಹೊರಲಿಕ್ಕಲ್ಲ ಎಂಬುದು ಅವರ ನಿಲುವಾಗಿತ್ತು. ಇತ್ತ ತಾಯ್ನಾಡಿನಲ್ಲಿ 1893ರಲ್ಲಿ, ಅವರು ನಡೆಸುತ್ತಿದ್ದ ಶಾರದಾ ಸದನವೆಂಬ ವಿಧವೆಯರ ಶಾಲೆಯ ಹುಡುಗಿಯರನ್ನು ಮತಾಂತರಿಸುತ್ತಾರೆಂದು ಪುಣೆಯಲ್ಲಿ ಗದ್ದಲವೆದ್ದು, ನ್ಯಾಯಮೂರ್ತಿ ರಾನಡೆ, ಭಂಡಾರಕರ ಅವರಂಥವರು ಸಲಹಾ ಸಮಿತಿಗೆ ರಾಜೀನಾಮೆ ಕೊಟ್ಟರೂ ರಮಾಬಾಯಿ ಕೆಲಸ ನಿಲ್ಲಿಸಲಿಲ್ಲ. ಅಧಿಕಾರದ ಎದುರು ಬಾಗದ ಬೆನ್ನು ಮುಂದೆ ಬರಗಾಲಕ್ಕೆ ಸಿಕ್ಕ ಮಕ್ಕಳೆದುರು ಬಾಗಿತು. ನಮ್ರತೆಗೂ ಅಡಿಯಾಳುತನಕ್ಕೂ ಇರುವ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ.

ಕ್ರೈಸ್ತ ಸಭೆಗಳೇ ಈ ವ್ಯತ್ಯಾಸವನ್ನು ಮರೆತದ್ದುಂಟು. ಪವಿತ್ರ ಗುರುವಾರ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ರೋಮನ್ ಕ್ಯಾಥೊಲಿಕ್ ಸಭೆಯ ನಿಯಮದಲ್ಲಿ ಆ ಹನ್ನೆರಡರೊಳಗೆ ಹೆಂಗಸರಿಗೆ ಜಾಗ ಸಿಕ್ಕಿದ್ದು 2016ರಲ್ಲಿ. ಅದೂ ಪೋಪ್ ಫ್ರಾನ್ಸಿಸ್ 2013ರಲ್ಲೇ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ, ಹುಡುಗಿಯರೂ ಮುಸ್ಲಿಮರೂ ಸೇರಿದಂತೆ ಹಲವರ ಕಾಲು ತೊಳೆದ ಮೇಲೆ. ತಮಿಳುನಾಡಿನ ಕೆಲವು ಊರುಗಳಲ್ಲಿ ದಲಿತ ಕ್ರೈಸ್ತರಿಗೆ ಸ್ಮಶಾನವೇ ಬೇರೆ. ಸತ್ತವನ ಮಗ್ಗುಲಲ್ಲಿ ಮಲಗಲು ಒಪ್ಪದವರು ಬದುಕಿದ್ದವನ ಕಾಲು ತೊಳೆದರೆ ಅದು ಬರೀ ಆಚರಣೆ. ಅಲ್ಲಿ ಅಧಿಕಾರ ಒಂದು ಗೇಣೂ ಇಳಿದು ಬಂದಿಲ್ಲ.

ರಮಾಬಾಯಿ ಕೇಡಗಾಂವದಲ್ಲಿ ಅಧಿಕಾರವನ್ನು ಇಳಿಸಿ ತೋರಿಸಿದರು. 1896-97ರ ಬರದಲ್ಲಿ ಮಧ್ಯಪ್ರಾಂತದಿಂದ ಎಲುಬಿನ ಗೂಡಾಗಿ ಬಂದ ಹುಡುಗಿಯರು ಅಲ್ಲಿ ಅವರು ಕಟ್ಟಿದ ಮುಕ್ತಿ ಎಂಬ ಆಶ್ರಯಧಾಮದಲ್ಲಿ ಓದು ಬರಹ, ನೇಯ್ಗೆ, ಹೊಲದ ಕೆಲಸ ಕಲಿತರು. ಕಣ್ಣಿಲ್ಲದವರು ಬ್ರೈಲ್ ಕಲಿತರು. 1900ರ ಬರದಲ್ಲಿ ಗುಜರಾತದ ಮಕ್ಕಳು ಬಂದಾಗ ಅವರ ಗಾಯ ತೊಳೆದು, ಹೇನು ತೆಗೆದು, ಅಂಬಲಿ ಕುಡಿಸುವ ಕೆಲಸಕ್ಕೆ ಮೊದಲು ಬಂದವರೇ ನಿಂತರು. 1912ರಲ್ಲಿ ಕಲಬುರಗಿಯಲ್ಲಿ ಶಾಲೆ ತೆರೆದಾಗ ಅದರ ಹೊಣೆ ಮಗಳು ಮನೋರಮಾ ಅವರದಾಯಿತು. ರಮಾಬಾಯಿ ಸ್ವತಃ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೆ ಅರ್ಥವಾಗುವ ಮರಾಠಿಯಲ್ಲಿ ಬೈಬಲ್ಲನ್ನು ಅನುವಾದಿಸುತ್ತ ಕೂತರು. ಅದರ ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1922ರಲ್ಲಿ ರಮಾಬಾಯಿ ತೀರಿಕೊಂಡ ಮೇಲೂ ಮುಕ್ತಿಯ ಕೆಲಸ ನಿಲ್ಲಲಿಲ್ಲ.