ಕೆಲಸ ಹೋದಾಗ ಗೃಹಸಾಲ

ನೌಕರಿ ಕಳೆದುಕೊಂಡವರು ಬ್ಯಾಂಕಿನ ಮೆಟ್ಟಿಲು ಹತ್ತಲು ನಾಚುತ್ತಾರೆ. ಆ ಸಂಕೋಚವೇ ದುಬಾರಿ ಎಂದು ನನ್ನ ಭಾವನೆ. ಬಾಕಿ 90 ದಿನ ಮೀರಿದರೆ ಸಾಲವು ಅನುತ್ಪಾದಕವೆನಿಸುತ್ತದೆ. ಅನಂತರ 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು, ಆಗಲೂ ತೀರಿಸದಿದ್ದರೆ ಮನೆಯ ಸ್ವಾಧೀನ. ಆದುದರಿಂದ ಮೊದಲ ಕಂತು ತಪ್ಪುವ ಮುನ್ನವೇ ಷರತ್ತು ಸಡಿಲಿಸಲು ಅರ್ಜಿ ಕೊಡಬೇಕು. ಒಪ್ಪುವುದು ಬಿಡುವುದು ಬ್ಯಾಂಕಿನ ವಿವೇಚನೆ.

ಅವಧಿ ಹೆಚ್ಚಿಸಿರೆಂದು ಕೇಳುವವರೇ ಬಹಳ. ಲೆಕ್ಕ ನೋಡಿ: ಶೇಕಡಾ 9 ಬಡ್ಡಿಯ 20 ಲಕ್ಷ ರೂಪಾಯಿ ಸಾಲವನ್ನು 20 ವರ್ಷಗಳ ಬದಲು 30 ವರ್ಷಗಳಿಗೆ ಹರಡಿದರೂ ತಿಂಗಳ ಕಂತು ಸುಮಾರು 18,000ದಿಂದ 16,100ಕ್ಕೆ ಇಳಿದೀತು, ಅಷ್ಟೆ. ಸಂಬಳವೇ ಇಲ್ಲದವರಿಗೆ ಬೇಕಾದುದು ಕೆಲವು ತಿಂಗಳ ಬಿಡುವು. 2020ರ ಮಾರ್ಚಿಯಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕು ಅನುಮತಿಸಿದ್ದು ಅಂಥದನ್ನೇ. ಆದರೆ ಬಿಡುವು ಕಂತಿಗೆ, ಬಡ್ಡಿಗಲ್ಲ; ಇದೇ ಸಾಲಕ್ಕೆ ತಿಂಗಳಿಗೆ 15,000 ರೂಪಾಯಿ ಸೇರುತ್ತಲೇ ಇರುತ್ತದೆ.