ಬೆರಳಿಗೆ ಸಿಗುವ ಅಕ್ಷರ

ಮನೆಯ ಟ್ರಂಕಿನಲ್ಲಿ ಅಪ್ಪ ಅಮ್ಮನ ಲಗ್ನಪತ್ರಿಕೆ ಉಳಿದಿದ್ದರೆ ಹೊರಗೆ ತೆಗೆದು ಅದರ ಬೆನ್ನಿನ ಮೇಲೆ ಬೆರಳಾಡಿಸಿ ನೋಡಿ. ಮೂಲೆಗೆ ಹಚ್ಚಿದ ಅರಿಸಿನ ಮಾಸಿರುತ್ತದೆ, ಕೆಂಪು ಶಾಯಿ ಮಂಕಾಗಿರುತ್ತದೆ. ಅಕ್ಷರಗಳು ಮಾತ್ರ ಸಣ್ಣಗೆ ಉಬ್ಬಿಕೊಂಡು ಕೈಗೆ ತಾಕುತ್ತವೆ. ಸೀಸದ ಮೊಳೆ ಕಾಗದವನ್ನು ಒತ್ತಿದ ಗುರುತು ಅದು.

ಮೊಳೆಯ ಅಚ್ಚಿಗೆ, ಅಂದರೆ ಲೆಟರ್‌ಪ್ರೆಸ್ಸಿಗೆ, ಯುರೋಪಿನಲ್ಲಿ 1450ರ ದಶಕದ ಗುಟೆನ್‌ಬರ್ಗ್ ಮೂಲಪುರುಷ. ಕನ್ನಡಕ್ಕೆ ಅದು ಬಂದದ್ದು ಬಂಗಾಳದ ದಾರಿಯಲ್ಲಿ: ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಮರುವರ್ಷ ಅದು ಬಳ್ಳಾರಿಗೆ ಹೋಯಿತು. ಏಕೆಂದರೆ ಮೊಳೆಯ ಅಚ್ಚು ಅಲ್ಲಿತ್ತು. ಮುಂದೆ ಊರೂರಿನ ಪೇಟೆಬೀದಿಗಳಲ್ಲಿ ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರಗಳು ಬಂದವು. ಬಿಲ್ ಪುಸ್ತಕ, ರಸೀದಿ, ಕರಪತ್ರ, ವಿಳಾಸದ ಚೀಟಿಗಳೆಲ್ಲ ಅಲ್ಲೇ ಆಗುತ್ತಿದ್ದವು. ಆದರೂ ಪ್ರೆಸ್ಸಿನ ಹೊಟ್ಟೆ ತುಂಬಿಸುತ್ತಿದ್ದದ್ದು ಮದುವೆಯ ಕಾಲ.

ಮೊಳೆ ಎಂದರೆ ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಕಡ್ಡಿ. ತುದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ ಅಕ್ಷರ. ಎತ್ತರ 0.918 ಇಂಚು, ಇದರಲ್ಲಿ ಕೂದಲೆಳೆಯಷ್ಟು ಕಡಿಮೆಯಾದರೂ ಆ ಅಕ್ಷರ ಕಾಗದದ ಮೇಲೆ ಮೂಡದು. ಕಂಪೋಸಿಟರ್ ಎಡಗೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್ ಹಿಡಿದು, ಬಲಗೈಯಿಂದ ಕೇಸಿನ ಮನೆಗಳಿಂದ ಮೊಳೆ ಹೆಕ್ಕಿ, ತಲೆಕೆಳಗಾಗಿ ಜೋಡಿಸುತ್ತಾ ಹೋಗುತ್ತಾನೆ. ಇಂಗ್ಲಿಷಿನವನಿಗೆ ಇಪ್ಪತ್ತಾರರ ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿಗಳು ಇದ್ದರೆ ಸಾಕು. ಕನ್ನಡದವನಿಗೆ ಕಾಗುಣಿತ, ಒತ್ತಕ್ಷರಗಳ ನೂರಾರು ಮೊಳೆಗಳ ಜಾಗ ಬೆರಳತುದಿಯಲ್ಲಿರಬೇಕು. ಆ ನೆನಪಿನ ಶಕ್ತಿಯನ್ನು ನಾವು ವಿದ್ಯೆಯೆಂದು ಗೌರವಿಸಲೇ ಇಲ್ಲ.

ಕರಡು ತಿದ್ದಿ, ಮೊಳೆಗಳನ್ನು ಚೌಕಟ್ಟಿನಲ್ಲಿ ಬಿಗಿದು ಯಂತ್ರಕ್ಕೆ ಏರಿಸುತ್ತಾರೆ. ಪೆಡಲ್ ತುಳಿದಂತೆ ಶಾಯಿತಟ್ಟೆ ತುಸುತುಸುವೇ ತಿರುಗುತ್ತದೆ, ರೋಲರುಗಳು ಮೊಳೆಗೆ ಶಾಯಿ ಬಳಿಯುತ್ತವೆ, ಎರಡು ಹಲಗೆಗಳು ಪುಸ್ತಕ ಮುಚ್ಚಿದ ಹಾಗೆ ಕೂಡಿ ಬಿಡುತ್ತವೆ. ಬಿಟ್ಟ ಆ ಗಳಿಗೆಯಲ್ಲೇ ಎಡಗೈ ಅಚ್ಚಾದ ಹಾಳೆ ಎಳೆದುಕೊಂಡು, ಬಲಗೈ ಹೊಸದನ್ನು ಇಡಬೇಕು. ಅಚ್ಚು ಎಲ್ಲಾದರೂ ತೆಳುವಾಯಿತೋ, ಕಾಗದದ ಅಡಿಯ ಮೆತ್ತೆಗೆ ಅದೇ ಜಾಗದಲ್ಲಿ ತೆಳುಕಾಗದದ ಚೂರು ಅಂಟಿಸಿ ಒತ್ತಡ ಸರಿಮಾಡುತ್ತಾರೆ. ಕಸುಬಿನ ಜೀವ ಇರುವುದು ಈ ಹದದಲ್ಲಿ. ಹಳೆಯ ಮೇಸ್ತ್ರಿಗಳಿಗೆ ಕಾಗದದ ಹಿಂದೆ ಉಬ್ಬು ಕಂಡರೆ ಸಿಟ್ಟು. ಮೊಳೆ ಬೇಗ ಸವೆಯುತ್ತದೆ, ಕೆಲಸ ಒರಟು ಎಂದು.

ಇವತ್ತು ಜನ ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಅದೇ ಉಬ್ಬುತಗ್ಗನ್ನು. ಆಫ್‌ಸೆಟ್ ಬಂದ ಮೇಲೆ ಮೂಲೆ ಸೇರಿದ್ದ ಯಂತ್ರಗಳನ್ನು ಅಮೆರಿಕದ ಸಣ್ಣ ಸಣ್ಣ ಅಚ್ಚುಕೂಟಗಳು ಒರೆಸಿ ಎಣ್ಣೆ ಹಾಕಿ, ಮದುವೆಯ ಕರೆಯೋಲೆ, ಹೆಸರಿನ ಚೀಟಿ, ಪತ್ರದ ಹಾಳೆಗಳಿಗೆ ಹೂಡಿವೆ. ಕಾಗದ ದಪ್ಪನೆಯ, ಮೆತ್ತನೆಯ ಹತ್ತಿಯದು. ಮೊಳೆಯ ಬದಲಿಗೆ ಫೋಟೋಪಾಲಿಮರ್ ಪ್ಲೇಟ್: ಕಂಪ್ಯೂಟರಿನಲ್ಲಿ ಬರೆದದ್ದನ್ನು ಫಿಲ್ಮಿಗಿಳಿಸಿ, ನೇರಳಾತೀತ ಬೆಳಕು ಕೊಟ್ಟು, ನೀರಿನಲ್ಲಿ ತೊಳೆದರೆ ಬೆಳಕು ತಗುಲಿದ ಅಕ್ಷರಗಳು ಗಟ್ಟಿಯಾಗಿ ಎದ್ದು ನಿಲ್ಲುತ್ತವೆ.

ನನಗೆ ಆಸೆ ಹುಟ್ಟಿಸಿರುವುದು ಈ ಪ್ಲೇಟು. ಮೊಳೆ ಎರಕ ಹೊಯ್ಯುವವರು ಸಿಗುವುದೇ ಕಷ್ಟವಾದ ಈ ಕಾಲದಲ್ಲಿ, ಯಾವ ಕನ್ನಡ ಫಾಂಟನ್ನಾದರೂ ಮತ್ತೆ ಕಾಗದದೊಳಕ್ಕೆ ಒತ್ತಬಹುದು. ನಮ್ಮ ದುಂಡು ಅಕ್ಷರಗಳಿಗೆ ಈ ಒತ್ತು ಬಹಳ ಒಪ್ಪುತ್ತದೆ. ಒತ್ತಕ್ಷರ ತೀರ ಚಿಕ್ಕದಾದರೆ ಶಾಯಿ ತುಂಬಿ ಮುಚ್ಚಿಹೋಗುತ್ತದೆ, ಆದ್ದರಿಂದ ಅಕ್ಷರ ತುಸು ದೊಡ್ಡದಿರಲಿ. ಬಣ್ಣ ಒಂದು ಅಥವಾ ಎರಡು ಸಾಕು. ಪ್ರತಿ ಬಣ್ಣಕ್ಕೂ ಹಾಳೆ ಮತ್ತೊಮ್ಮೆ ಯಂತ್ರಕ್ಕೆ ಹೋಗಬೇಕು. ಕಪ್ಪು ಕಾಗದದ ಮೇಲೆ ತಿಳಿಬಣ್ಣ ಕೇಳಬೇಡಿ, ಶಾಯಿ ಪಾರದರ್ಶಕ, ಎದ್ದು ಕಾಣದು.

ನಮ್ಮ ಊರುಗಳ ಟ್ರೆಡಲುಗಳು ಪೂರ್ತಿ ಗುಜರಿಗೆ ಹೋಗಿಲ್ಲ. ಬಿಲ್ ಪುಸ್ತಕಕ್ಕೆ ನಂಬರ್ ಹಾಕಲು, ರಟ್ಟಿಗೆ ಮಡಿಕೆಯ ಗೆರೆ ಒತ್ತಲು ಕೆಲವು ಇನ್ನೂ ತಿರುಗುತ್ತಿವೆ. ಮುಂದಿನ ಸಲ ಮನೆಯಲ್ಲಿ ಮದುವೆ, ಗೃಹಪ್ರವೇಶ ಗೊತ್ತಾದಾಗ ಅಂಥ ಪ್ರೆಸ್ಸಿನ ಬಾಗಿಲಿಗೆ ಒಮ್ಮೆ ಹೋಗಿ, ನೂರು ಪತ್ರಿಕೆಯನ್ನಾದರೂ ಕನ್ನಡದಲ್ಲಿ ಒತ್ತಿಕೊಡಲು ಕೇಳಿ.